ಎರಡು ರಿಜಿಸ್ಟರ್‌ಗಳಲ್ಲಿ ಹಂಚಿಹೋದ ಒಂದು ಮನೆ

ನಾನು ಓದಿದ್ದು ಬಿ.ಕಾಂ. ಹಾಗಾಗಿ ಇತಿಹಾಸ ಹುಡುಕಿಕೊಂಡು ಹೋದರೂ ಕಣ್ಣು ಮೊದಲು ಬೀಳೋದು ಲೆಕ್ಕದ ಪುಸ್ತಕದ ಮೇಲೆ. ಇವತ್ತಿನ ಎಪಿಸೋಡ್ ಶುರುವಾಗೋದೂ ಅಂಥ ಎರಡು ರಿಜಿಸ್ಟರ್‌ಗಳಿಂದಲೇ.

1943. ನಾಜಿಗಳ ಔಷ್‌ವಿಟ್ಜ್-ಬಿರ್ಕೆನೌ ಕ್ಯಾಂಪ್. ಅಲ್ಲಿ ರೋಮಾ ಜನರನ್ನು ಕೂಡಿಹಾಕೋಕೆ ಒಂದು ಪ್ರತ್ಯೇಕ ವಿಭಾಗ ಇತ್ತು. 'ಜಿಪ್ಸಿಗಳು' ಅಂತ ಹೀಯಾಳಿಸಿ ಕರೀತಿದ್ರಲ್ಲ, ಅವರೇ. ಶತಮಾನಗಳ ಹಿಂದೆ ಭಾರತದ ಕಡೆಯಿಂದ ಹೊರಟವರು. ಅವರ ಭಾಷೆಯಲ್ಲಿ ನೀರಿಗೆ ಇವತ್ತಿಗೂ 'ಪಾನಿ' ಅಂತಾರೆ.

ಬಂದವರ ಹೆಸರನ್ನು ಗಂಡಸರಿಗೊಂದು, ಹೆಂಗಸರಿಗೊಂದು ರಿಜಿಸ್ಟರ್ ಮಾಡಿ ಬರೆದರು. ಒಟ್ಟು ಸುಮಾರು 21 ಸಾವಿರ ಹೆಸರು. 1944ರಲ್ಲಿ ಕೆಲವು ಪೋಲಿಷ್ ಕೈದಿಗಳು, ಸಾಕ್ಷಿ ಉಳೀಲಿ ಅಂತ, ಅವನ್ನು ಕದ್ದು ಬಕೆಟ್‌ನಲ್ಲಿಟ್ಟು ನೆಲದಲ್ಲಿ ಹೂತರು. 1949ರಲ್ಲಿ ಅಗೆದು ತೆಗೆದರು. ಆ ಪುಸ್ತಕಗಳು ಇಲ್ಲದಿದ್ದರೆ ಎಷ್ಟೋ ಜನ ಅಲ್ಲಿದ್ದರು ಅನ್ನೋದಕ್ಕೇ ಆಧಾರ ಇರ್ತಿರಲಿಲ್ಲ.

ಆದರೆ ನೋಡಿ, ಅಕ್ಕನ ಹೆಸರು ಒಂದು ಪುಸ್ತಕದಲ್ಲಿ, ತಮ್ಮನದು ಇನ್ನೊಂದರಲ್ಲಿ. ಕಾಗದದ ಮೇಲೂ ಮನೆ ಒಡೆದಿತ್ತು.

ಆಸ್ಟ್ರಿಯಾದ ಚೈಯಾ ಸ್ಟೊಯ್ಕಾ ಅಂಥ ಒಬ್ಬ ಅಕ್ಕ. ಕುದುರೆಗಾಡಿಯಲ್ಲಿ ಊರೂರು ತಿರುಗುತ್ತಿದ್ದ ಕುಟುಂಬ. ಮೊದಲು ಅಪ್ಪನನ್ನು ಹಿಡಿದು ಡಾಖಾವ್ ಕ್ಯಾಂಪಿಗೆ ಹಾಕಿದರು. ಆಮೇಲೆ ಹಾರ್ಟ್‌ಹೈಮ್‌ನಲ್ಲಿ ಕೊಂದರು. ಮನೆಗೆ ಬಂದಿದ್ದು ಬೂದಿ. 1943ರಲ್ಲಿ ಅಮ್ಮ, ಮಕ್ಕಳು ಎಲ್ಲ ಔಷ್‌ವಿಟ್ಜ್‌ಗೆ. ಚೈಯಾ ಆಗ ಹತ್ತು ವರ್ಷ ತುಂಬುತ್ತಿದ್ದ ಹುಡುಗಿ. ಕೈ ಮೇಲೆ ಹಚ್ಚೆ: ಝಡ್ 6399. ಎಲ್ಲರಿಗಿಂತ ಚಿಕ್ಕ ತಮ್ಮ ಓಸಿ ಅಲ್ಲೇ ಟೈಫಸ್‌ ಜ್ವರದಲ್ಲಿ ಹೋದ.

1944ರಲ್ಲಿ ದುಡಿಯೋಕೆ ಆಗುವವರನ್ನು ಬೇರೆ ಮಾಡಿದರು. ಅಣ್ಣಂದಿರು ಬೂಖೆನ್‌ವಾಲ್ಡ್‌ಗೆ, ಚೈಯಾ ಮತ್ತು ಅಮ್ಮ ರಾವೆನ್ಸ್‌ಬ್ರೂಕ್‌ಗೆ. ಆಗಸ್ಟ್ 2ರ ರಾತ್ರಿ, ಆ ವಿಭಾಗದಲ್ಲಿ ಉಳಿದಿದ್ದ ನಾಲ್ಕು ಸಾವಿರಕ್ಕೂ ಹೆಚ್ಚು ಜನರನ್ನು ವಿಷಾನಿಲದ ಕೋಣೆಗೆ ತಳ್ಳಿದರು. ಹೆಚ್ಚಿನವರು ಮಕ್ಕಳು, ಮುದುಕರು, ಹೆಂಗಸರು.

ಚೈಯಾ, ಅಮ್ಮ ಕೊನೆಗೆ ಬರ್ಗೆನ್-ಬೆಲ್ಸೆನ್ ಕ್ಯಾಂಪ್ ಸೇರಿ, 1945ರ ಏಪ್ರಿಲ್‌ನಲ್ಲಿ ಬಿಡುಗಡೆಯಾದರು. ಆರು ಮಕ್ಕಳಲ್ಲಿ ಐದು ಜನ ಉಳಿದರು, ವಿಯೆನ್ನಾದಲ್ಲಿ ಮತ್ತೆ ಸಿಕ್ಕರು. ಇಷ್ಟು ಜನ ಉಳಿದಿದ್ದೇ ಅಪರೂಪ.

ಆಮೇಲೆ? ಮೌನ. ಚೈಯಾ ಸಂತೆಗಳಲ್ಲಿ ಕಾರ್ಪೆಟ್ ಮಾರಿದರು, ಮಕ್ಕಳನ್ನು ಸಾಕಿದರು. ಕೇಳುವವರಾದರೂ ಯಾರಿದ್ದರು? ಪಶ್ಚಿಮ ಜರ್ಮನಿ ಸರ್ಕಾರ ಇದನ್ನು ಜನಾಂಗಹತ್ಯೆ ಅಂತ ಒಪ್ಪಿಕೊಂಡಿದ್ದೇ 1982ರಲ್ಲಿ. ಅದಕ್ಕೂ ಮೊದಲು ಎಷ್ಟೋ ಸಂತ್ರಸ್ತರ ಪರಿಹಾರದ ಅರ್ಜಿ ತಿರಸ್ಕರಿಸೋಕೆ ಕೊಟ್ಟ ಒಂದು ನೆಪ: 'ನಿಮ್ಮನ್ನು ಹಿಡಿದಿದ್ದು ಅಪರಾಧ ತಡೆಯೋಕೆ'. ಹತ್ತು ವರ್ಷದ ಮಗು ಯಾವ ಅಪರಾಧ ಮಾಡುತ್ತೆ, ನೀವೇ ಹೇಳಿ.

ಚೈಯಾ ಅಡುಗೆಮನೆಯಲ್ಲಿ ಕೂತು, ಮನೆಯವರಿಗೂ ಹೇಳದೆ, ಬಾಯಿಗೆ ಬಂದಂತೆ, ಕಾಗುಣಿತದ ಗೊಡವೆ ಇಲ್ಲದೆ ಬರೆದರು. 1988ರಲ್ಲಿ ಅದು ಪುಸ್ತಕವಾಯಿತು. ಅದರಲ್ಲಿ ಓಸಿ, ಅಮ್ಮ, ಅಣ್ಣಂದಿರು, ಎಲ್ಲ ಒಂದೇ ಕಡೆ ಇದ್ದಾರೆ.

ನಂತರ ಬಣ್ಣ ಹಿಡಿದರು. ಬರ್ಗೆನ್-ಬೆಲ್ಸೆನ್‌ನಲ್ಲಿ ತಿನ್ನೋಕೆ ಏನೂ ಇಲ್ಲದಾಗ ಒಂದು ಮರದ ಎಲೆ, ರಸ ತಿಂದು ಜೀವ ಹಿಡಿದಿದ್ದರಂತೆ. 2013ರಲ್ಲಿ ತೀರಿಕೊಂಡರು. ಅವರ ಎಷ್ಟೋ ಚಿತ್ರಗಳಲ್ಲಿ ಸಹಿಯ ಪಕ್ಕ ಒಂದು ಪುಟ್ಟ ಕೊಂಬೆ ಕಾಣುತ್ತೆ.