ಕರುಳಿನ ಹೊಲಿಗೆ ಮತ್ತು ಗಾಯದ ನಂಜು

ಹರಿದ ಕರುಳನ್ನು ಹೊಲಿಯುವ ವಿದ್ಯೆ ಮನುಷ್ಯನಿಗೆ ಬಹಳ ಹಿಂದೆಯೇ ತಿಳಿದಿತ್ತು. ಹೊಲಿದ ಮೇಲೆ ಗಾಯ ನಂಜಾಗದಂತೆ ಕಾಯುವ ವಿದ್ಯೆ ಕೈಗೆ ಬಂದದ್ದು ಮಾತ್ರ ತೀರಾ ತಡವಾಗಿ. ಈ ಎರಡರ ನಡುವೆ ಸಾವಿರಕ್ಕೂ ಹೆಚ್ಚು ವರ್ಷಗಳ ಅಂತರವಿದೆ. ಆ ಅಂತರದಲ್ಲಿ ಎಷ್ಟೋ ರೋಗಿಗಳು ಶಸ್ತ್ರವೈದ್ಯನ ಕೈಯಲ್ಲಿ ಬದುಕುಳಿದು, ಅನಂತರ ಕೀವಿನಿಂದ ಸತ್ತರು.

ಕರುಳಿನ ಗಾಯದ ಅಂಚುಗಳನ್ನು ಜೋಡಿಸಿ, ಕಪ್ಪು ಇರುವೆಗಳಿಂದ ಕಚ್ಚಿಸಿ, ಅವುಗಳ ತಲೆಯನ್ನು ಅಲ್ಲೇ ಉಳಿಸುವ ವಿಧಾನ ಭಾರತದ ಸುಶ್ರುತ ಸಂಹಿತೆಯಲ್ಲಿದೆ. ಹತ್ತನೆಯ ಶತಮಾನದಲ್ಲಿ, ಇಂದಿನ ಸ್ಪೇನಿನ ಕುರ್ತುಬಾ ನಗರದ ಬಳಿ ಬಾಳಿದ ಅಬುಲ್ ಕಾಸಿಂ ಅಝ್ಝಹ್ರಾವಿಯೂ ಇರುವೆಗಳ ಈ ಉಪಾಯವನ್ನು ದಾಖಲಿಸಿದ್ದಾರೆ. ಜೊತೆಗೆ ಪ್ರಾಣಿಗಳ ಕರುಳಿನಿಂದ ತೆಗೆದ ನವಿರಾದ ಎಳೆಯಿಂದ ಹೊಲಿಯುವ ಕ್ರಮವನ್ನೂ ಹೇಳಿದ್ದಾರೆ. ಮೂವತ್ತು ಭಾಗಗಳ ಅವರ ‘ಅತ್ತಸ್ರೀಫ್’ ಗ್ರಂಥದ ಕೊನೆಯ ಭಾಗ ಪೂರ್ತಿಯಾಗಿ ಶಸ್ತ್ರಚಿಕಿತ್ಸೆಗೆ ಮೀಸಲು. ಹನ್ನೆರಡನೆಯ ಶತಮಾನದಲ್ಲಿ ಅದು ಲ್ಯಾಟಿನ್ ಭಾಷೆಗೆ ಅನುವಾದವಾಗಿ ಯುರೋಪಿನ ವೈದ್ಯರಿಗೆ ಶತಮಾನಗಳ ಕಾಲ ಪಾಠಪುಸ್ತಕವಾಯಿತು.

ಹೊಲಿಗೆ ಹೀಗೆ ದೇಶದಿಂದ ದೇಶಕ್ಕೆ ಹರಡಿದರೂ ನಂಜಿನ ಗುಟ್ಟು ಯಾರಿಗೂ ಬಿಡಿಸಲಾಗಲಿಲ್ಲ. ಅದಕ್ಕೆ ಅಡ್ಡ ನಿಂತದ್ದು ಅಜ್ಞಾನವೊಂದೇ ಅಲ್ಲ, ಒಂದು ನಂಬಿಕೆಯೂ ಹೌದು. ಗಾಯದಲ್ಲಿ ಕೀವು ಬರುವುದು ಮಾಗುವಿಕೆಯ ಲಕ್ಷಣ, ಬಿಳಿಯಾದ ದಪ್ಪ ಕೀವು ‘ಒಳ್ಳೆಯ ಕೀವು’ ಎಂದು ಯುರೋಪಿನ ವೈದ್ಯರು ತಲೆತಲಾಂತರದಿಂದ ನಂಬಿದ್ದರು. ಹದಿಮೂರನೆಯ ಶತಮಾನದಲ್ಲಿ ಇಟಲಿಯ ಥಿಯೊಡೊರಿಕ್ ಎಂಬ ಶಸ್ತ್ರವೈದ್ಯ ಇದನ್ನು ವಿರೋಧಿಸಿ, ಗಾಯ ಮಾಗಲು ಕೀವು ಬೇಕಿಲ್ಲ ಎಂದು ಬರೆದ. ಅವನ ಮಾತನ್ನು ಬಹುಪಾಲು ವೈದ್ಯರು ಕಿವಿಗೆ ಹಾಕಿಕೊಳ್ಳಲಿಲ್ಲ.

ಬದಲಾವಣೆ ಬಂದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. 1847ರಲ್ಲಿ ವಿಯೆನ್ನಾದ ಆಸ್ಪತ್ರೆಯಲ್ಲಿ ಸೆಮ್ಮೆಲ್‌ವೈಸ್ ವೈದ್ಯರ ಕೈಗಳನ್ನು ಕ್ಲೋರಿನ್ ದ್ರಾವಣದಲ್ಲಿ ತೊಳೆಸಿದಾಗ ಬಾಣಂತಿಯರ ಸಾವು ಇಳಿಯಿತು. ತಮ್ಮ ಕೈಗಳೇ ಸಾವನ್ನು ಹೊತ್ತು ತರುತ್ತವೆಂಬುದನ್ನು ಸಹೋದ್ಯೋಗಿಗಳಲ್ಲಿ ಅನೇಕರು ಒಪ್ಪಲಿಲ್ಲ. 1865ರ ಆಗಸ್ಟ್‌ನಲ್ಲಿ ಗ್ಲಾಸ್ಗೋ ನಗರದಲ್ಲಿ ಗಾಡಿಯ ಚಕ್ರ ಹರಿದು ಕಾಲು ಮುರಿದ 11 ವರ್ಷದ ಬಾಲಕನ ಗಾಯಕ್ಕೆ ಜೋಸೆಫ್ ಲಿಸ್ಟರ್ ಕಾರ್ಬೋಲಿಕ್ ಆಮ್ಲದ ಪಟ್ಟಿ ಕಟ್ಟಿದರು. ಅಂಥ ಗಾಯಕ್ಕೆ ಕಾಲನ್ನೇ ಕತ್ತರಿಸುವುದು ಆಗಿನ ವಾಡಿಕೆ. ಬಾಲಕನ ಕಾಲು ನಂಜಾಗದೆ ಕೂಡಿಕೊಂಡಿತು. ಗಾಯ ಕೊಳೆಯುವುದು ಸೂಕ್ಷ್ಮಜೀವಿಗಳಿಂದ ಎಂಬ ಮಾತಿಗೆ ಪುರಾವೆ ಸಿಗತೊಡಗಿತು.

ಮುಂದೆ ರಬ್ಬರ್ ಕೈಗವಸು ಬಂತು. ಅದೂ ಬೇರೆಯೇ ಕಾರಣಕ್ಕೆ. 1889-90ರ ಚಳಿಗಾಲದಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ವಿಲಿಯಂ ಹಾಲ್‌ಸ್ಟೆಡ್ ತಮ್ಮ ದಾದಿಯೊಬ್ಬರ ಕೈಗಳು ಔಷಧ ದ್ರಾವಣದಿಂದ ಕೆಡುವುದನ್ನು ಕಂಡು ಅದನ್ನು ಮಾಡಿಸಿದರು. ದಾದಿಯ ಕೈ ಕಾಯಲು ಹುಟ್ಟಿದ ಕವಚ ರೋಗಿಯ ಪ್ರಾಣವನ್ನೂ ಕಾಯುತ್ತದೆಂದು ತಿಳಿದದ್ದು ಆಮೇಲೆ.

ಇಷ್ಟೆಲ್ಲ ಆದರೂ ಕರುಳಿನ ಶಸ್ತ್ರಚಿಕಿತ್ಸೆ ಕಷ್ಟವಾಗಿಯೇ ಉಳಿಯಿತು. ಕಾಲಿನ ಗಾಯಕ್ಕೆ ಶತ್ರು ಹೊರಗಿನಿಂದ ಬರುತ್ತಾನೆ. ಕರುಳಿನಲ್ಲಿ ಅವನು ಮೊದಲೇ ಮನೆ ಮಾಡಿಕೊಂಡಿರುತ್ತಾನೆ. ಒಂದು ಗ್ರಾಂ ಮಲದಲ್ಲಿ ಸುಮಾರು ಹತ್ತು ಸಾವಿರ ಕೋಟಿ ಬ್ಯಾಕ್ಟೀರಿಯಾಗಳಿರುತ್ತವೆ. ಕರುಳಿನೊಳಗೆ ಅವು ನಿರುಪದ್ರವಿಗಳು. ಅಲ್ಲಿಂದ ಹೊಟ್ಟೆಯ ಗಾಯಕ್ಕೆ ದಾಟಿದರೆ ಮಾರಕ.

ಆಂಟಿಬಯೋಟಿಕ್ ಬಂದಾಗ ಸಮಸ್ಯೆ ಮುಗಿಯಿತೆಂದು ಅನ್ನಿಸಿತ್ತು. ಆದರೆ ಅದನ್ನು ಯಾವಾಗ ಕೊಡಬೇಕೆಂಬುದು ಸ್ಪಷ್ಟವಿರಲಿಲ್ಲ. ರೋಗಾಣು ಚರ್ಮ ಸೇರುವ ಮೊದಲು ಅಥವಾ ಸೇರಿದ ಮೂರು ಗಂಟೆಯೊಳಗೆ ಔಷಧ ಕೊಟ್ಟರಷ್ಟೇ ಫಲ, ತಡವಾದರೆ ವ್ಯರ್ಥ ಎಂದು 1961ರಲ್ಲಿ ಬಾಸ್ಟನ್‌ನ ಜಾನ್ ಬರ್ಕ್ ಗಿನಿಯಿಲಿಗಳ ಮೇಲಿನ ಪ್ರಯೋಗದಿಂದ ತೋರಿಸಿದರು. 1992ರಲ್ಲಿ ಅಮೆರಿಕದಲ್ಲಿ 2,847 ರೋಗಿಗಳ ಅಧ್ಯಯನ ಇದನ್ನೇ ಹೇಳಿತು. ಕೊಯ್ಯುವ ಮುಂಚಿನ ಎರಡು ಗಂಟೆಯೊಳಗೆ ಔಷಧ ಪಡೆದವರಲ್ಲಿ ಶೇ. 0.6ರಷ್ಟು ಮಂದಿಗೆ ಸೋಂಕು ತಗಲಿದರೆ, ಶಸ್ತ್ರಚಿಕಿತ್ಸೆಯ ನಂತರ ತಡವಾಗಿ ಪಡೆದವರಲ್ಲಿ ಶೇ. 3.3ರಷ್ಟು ಮಂದಿಗೆ ತಗಲಿತ್ತು.

ಈ ಇತಿಹಾಸದಲ್ಲಿ ಮನಸ್ಸನ್ನು ಕಲಕುವ ಅಧ್ಯಾಯವೊಂದಿದೆ. 1965ರಿಂದ 1980ರವರೆಗೆ ದೊಡ್ಡ ಕರುಳಿನ ಶಸ್ತ್ರಚಿಕಿತ್ಸೆಯ ಬಗ್ಗೆ ನಡೆದ 26 ಪ್ರಯೋಗಗಳನ್ನು 1981ರಲ್ಲಿ ಒಟ್ಟಿಗೆ ಪರಿಶೀಲಿಸಲಾಯಿತು. ಮುಂಜಾಗ್ರತೆಯ ಔಷಧ ಪಡೆಯದವರಲ್ಲಿ ಶೇ. 11.2ರಷ್ಟು ಮಂದಿ ಸತ್ತಿದ್ದರೆ, ಪಡೆದವರಲ್ಲಿ ಶೇ. 4.5ರಷ್ಟು ಮಂದಿ ಸತ್ತಿದ್ದರು. ಇನ್ನು ಮುಂದೆ ಹೋಲಿಕೆಗಾಗಿ ಯಾವ ಗುಂಪಿಗೂ ಈ ರಕ್ಷಣೆಯನ್ನು ನಿರಾಕರಿಸಕೂಡದು ಎಂದು ಪರಿಶೀಲಿಸಿದವರು ತೀರ್ಮಾನಿಸಿದರು. ಗೊತ್ತಿರುವುದನ್ನು ಒಟ್ಟುಗೂಡಿಸಿ ನೋಡದಿದ್ದರೆ ಅದಕ್ಕೂ ಪ್ರಾಣಗಳು ಬೆಲೆ ತೆರುತ್ತವೆ.

ಇಂದು ಉಳಿದಿರುವ ಪ್ರಶ್ನೆ, ಈ ತಿಳಿವಳಿಕೆಯ ಫಲ ಯಾರಿಗೆ ಸಿಗುತ್ತಿದೆ ಎಂಬುದು. ಜಠರ ಮತ್ತು ಕರುಳಿನ ಶಸ್ತ್ರಚಿಕಿತ್ಸೆಯ ಬಗ್ಗೆ 66 ದೇಶಗಳಲ್ಲಿ ನಡೆದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಮಾನವ ಅಭಿವೃದ್ಧಿಯಲ್ಲಿ ಮುಂದಿರುವ ದೇಶಗಳಲ್ಲಿ ಶೇ. 9.4 ರೋಗಿಗಳಿಗೆ ಗಾಯದ ಸೋಂಕು ತಗಲಿದರೆ, ಹಿಂದುಳಿದ ದೇಶಗಳಲ್ಲಿ ಅದು ಶೇ. 23.2. ದಿನಗೂಲಿಯ ಮನೆಯಲ್ಲಿ ನಂಜೆಂದರೆ ಆಸ್ಪತ್ರೆಯಲ್ಲಿ ಇನ್ನಷ್ಟು ದಿನ, ಇನ್ನಷ್ಟು ಸಾಲ.

ಹಾಗಿದ್ದರೆ ದುಬಾರಿ ವಸ್ತುಗಳೇ ಬೇಕೇ? ಭಾರತವೂ ಸೇರಿದಂತೆ ಏಳು ದೇಶಗಳಲ್ಲಿ ಹೊಟ್ಟೆಯ ಶಸ್ತ್ರಚಿಕಿತ್ಸೆಯ ರೋಗಿಗಳ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗ ಇದಕ್ಕೆ ಉತ್ತರ ಕೊಟ್ಟಿತು. ಚರ್ಮಕ್ಕೆ ಹಚ್ಚುವ ದುಬಾರಿ ದ್ರಾವಣವಾಗಲಿ, ರೋಗಾಣುನಾಶಕ ಲೇಪಿಸಿದ ದಾರವಾಗಲಿ ಅಗ್ಗದ ಪೊವಿಡೋನ್ ಅಯೋಡಿನ್ ಮತ್ತು ಸಾಮಾನ್ಯ ದಾರಕ್ಕಿಂತ ಮೇಲೆಂದು ಕಂಡುಬರಲಿಲ್ಲ. ಅವೇ ದೇಶಗಳ 13,301 ರೋಗಿಗಳ ಮೇಲೆ ನಡೆದ ಇನ್ನೊಂದು ಪ್ರಯೋಗ 2022ರಲ್ಲಿ ಪ್ರಕಟವಾಯಿತು. ಹೊಟ್ಟೆಯನ್ನು ಹೊಲಿದು ಮುಚ್ಚುವ ಮುನ್ನ ಕೈಗವಸು ಮತ್ತು ಉಪಕರಣಗಳನ್ನು ಬದಲಿಸಿದಾಗ ಸೋಂಕು ಶೇ. 18.9ರಿಂದ ಶೇ. 16ಕ್ಕೆ ಇಳಿಯಿತು. ಕರುಳನ್ನು ಮುಟ್ಟಿದ ಕೈ ಅದೇ ಕವಚದಲ್ಲಿ ಗಾಯವನ್ನು ಮುಟ್ಟಬಾರದು ಎಂಬುದಷ್ಟೇ ಇದರ ಸಾರ.

ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಕೊಟ್ಟ ಸೂಚನೆಗಳೂ ಇಷ್ಟೇ ಸರಳ. ಮೊದಲು ಸ್ನಾನ ಮಾಡಿಸಬೇಕು. ಕೂದಲನ್ನು ಬ್ಲೇಡಿನಿಂದ ಬೋಳಿಸಬಾರದು. ಔಷಧವನ್ನು ಕೊಯ್ಯುವ ಮುಂಚೆ 120 ನಿಮಿಷಗಳೊಳಗೆ ಕೊಡಬೇಕು. ಶಸ್ತ್ರಚಿಕಿತ್ಸೆ ಮುಗಿದ ಮೇಲೆ ಬರೀ ಮುಂಜಾಗ್ರತೆಗೆಂದು ಅದನ್ನು ಮುಂದುವರಿಸಬಾರದು. ಹೆಚ್ಚು ದಿನ ಕೊಟ್ಟಷ್ಟೂ ಒಳ್ಳೆಯದು ಎಂಬುದು ‘ಒಳ್ಳೆಯ ಕೀವಿ’ನಂತೆಯೇ ಇನ್ನೊಂದು ಹಳೆಯ ನಂಬಿಕೆ. ಅದರಿಂದ ಔಷಧಕ್ಕೆ ಬಗ್ಗದ ರೋಗಾಣುಗಳು ಬೆಳೆಯುತ್ತವೆ.

ಅಝ್ಝಹ್ರಾವಿ ತಮಗೆ ಗೊತ್ತಿದ್ದುದನ್ನು ಮುಚ್ಚಿಡದೆ ಬರೆದಿಟ್ಟದ್ದರಿಂದ ಅವರ ಹೊಲಿಗೆ ಖಂಡಗಳನ್ನು ದಾಟಿತು. ನಂಜನ್ನು ತಡೆಯುವ ವಿದ್ಯೆಯೂ ಈಗ ಯಾರ ಗುಟ್ಟೂ ಅಲ್ಲ. ಅದನ್ನು ಬಡವನ ಹಾಸಿಗೆಯವರೆಗೆ ತಲುಪಿಸುವ ಕೆಲಸವೊಂದೇ ಬಾಕಿ.