ಸಂಕೇಶ್ವರದ ಮೆಣಸಿನಕಾಯಿಯ ತವರು

ಸಂಕೇಶ್ವರದ ಹೆಸರೆತ್ತಿದೊಡನೆ ಬೆಳಗಾವಿ, ಕೊಲ್ಲಾಪುರ ಸೀಮೆಯ ಗೃಹಿಣಿಯರಿಗೆ ಮೊದಲು ನೆನಪಾಗುವುದು ಹಿರಣ್ಯಕೇಶಿ ಹೊಳೆಯಲ್ಲ, ಶಂಕರಲಿಂಗನ ಗುಡಿಯೂ ಅಲ್ಲ. ಆ ಊರಿನ ಹೆಸರನ್ನೇ ಹೊತ್ತ ಮೆಣಸಿನಕಾಯಿ. ಇಷ್ಟು ಬಳಕೆಯ ವಸ್ತು ಅನಾದಿಕಾಲದಿಂದಲೂ ನಮ್ಮದೇ ಎಂದು ಭಾವಿಸುವುದು ಸಹಜ. ಆದರೆ 1204ರ ಸುಮಾರಿಗೆ, ರಟ್ಟರ ಆಳಿಕೆಯಲ್ಲಿ, ಬೆಳಗಾವಿಯ ಕಮಲ ಬಸದಿಯನ್ನು ಕಟ್ಟಿದ ಶಿಲ್ಪಿಗಳ ರೊಟ್ಟಿಯ ಮಗ್ಗುಲಲ್ಲಿ ಕೆಂಪು ಚಟ್ನಿ ಇರಲಿಲ್ಲ. ಅಂದಿನ ಅಡುಗೆಗೆ ಖಾರ ಕೊಡುತ್ತಿದ್ದವು ಮೆಣಸು, ಹಿಪ್ಪಲಿ, ಶುಂಠಿ. ಆ ಮೆಣಸಿನ ಹೆಸರನ್ನೇ ನಮ್ಮವರು ಮುಂದೆ ಬಂದ ಹೊಸ ಕಾಯಿಗೂ ಇಟ್ಟರು.

ಹಾಗಾದರೆ ಈ ಕಾಯಿಯ ತವರು ಯಾವುದು? ದೂರದ ಮೆಕ್ಸಿಕೋ. ಅಲ್ಲಿಯ ಜನ ಆರು ಸಾವಿರ ವರ್ಷಗಳಿಗೂ ಹಿಂದೆಯೇ ಇದನ್ನು ತಿನ್ನುತ್ತಿದ್ದರೆಂಬುದಕ್ಕೆ ಟೆವಾಕಾನ್ ಕಣಿವೆಯ ಗವಿಗಳಲ್ಲಿ ಕುರುಹುಗಳು ದೊರೆತಿವೆ. ಅದಕ್ಕೂ ಮುಂಚೆ, ಸುಮಾರು 9000 ವರ್ಷಗಳ ಹಿಂದೆ, ಟಿಯೋಸಿಂಟೆ ಎಂಬ ಕಾಡುಹುಲ್ಲನ್ನು ತಲೆಮಾರುಗಳ ಕಾಲ ಆರಿಸಿ ಆರಿಸಿ ಬಿತ್ತಿ ಅವರು ಗೋವಿನಜೋಳವನ್ನು ಪಡೆದರು. ದೈತ್ಯ ಶಿಲಾಮುಖಗಳನ್ನು ಕೆತ್ತಿದ ಓಲ್ಮೆಕರು, ಸೊನ್ನೆಯನ್ನು ತಾವಾಗಿಯೇ ಕಂಡುಕೊಂಡ ಮಾಯಾ ಜನ, ಸರೋವರದ ನಡುವೆ ಟೆನೊಚ್ಟಿಟ್ಲಾನ್ ನಗರವನ್ನು ಕಟ್ಟಿದ ಅಜ್ಟೆಕರು, ಇವರೆಲ್ಲರ ವೈಭವವೂ ನಿಂತದ್ದು ಆ ಹೆಸರಿಲ್ಲದ ಒಕ್ಕಲಿಗರ ದುಡಿಮೆಯ ಮೇಲೆ. ‘ಚಿಲ್ಲಿ’ ಎಂಬುದೇ ಅಜ್ಟೆಕರ ನಾಹುವಾಟ್ಲ್ ನುಡಿಯ ಮಾತು.

ದಕ್ಷಿಣದ ಆಂಡೀಸ್ ಪರ್ವತಗಳಲ್ಲಿಯೂ ಇದೇ ಕಥೆ. ಇಂಕಾ ಅರಸರಿಗಿಂತ ಸಾವಿರಾರು ವರ್ಷ ಮೊದಲೇ ಅಲ್ಲಿಯವರು ಬಟಾಟೆಯನ್ನು ಬೆಳೆಯಲು ಕಲಿತಿದ್ದರು. ಪೆರು ದೇಶದ ಸಿಪಾನಿನಲ್ಲಿ 1987ರಲ್ಲಿ ಮೋಚೆ ಜನಾಂಗದ ದೊರೆಯೊಬ್ಬನ ಸಮಾಧಿ ದೊರೆತಾಗ, ಅದರಲ್ಲಿ ಬಂಗಾರ, ಬೆಳ್ಳಿಯ ಶೇಂಗಾಕಾಯಿಗಳ ಹಾರವಿತ್ತು. ನಾವು ಸಂತೆಯಲ್ಲಿ ಕೊಂಡು ಸಿಪ್ಪೆ ಸುಲಿದು ಎಸೆಯುವ ಶೇಂಗಾ ಅವರಿಗೆ ರಾಜಾಭರಣಕ್ಕೆ ತಕ್ಕ ವಸ್ತುವಾಗಿತ್ತು!

ಈ ರಾಜ್ಯಗಳ ಪತನ ದಾರುಣವಾದದ್ದು. 1521ರಲ್ಲಿ ಟೆನೊಚ್ಟಿಟ್ಲಾನ್ ಕೊರ್ಟೆಸನ ವಶವಾಯಿತು. 1533ರಲ್ಲಿ ಪಿಜಾರೋ ಇಂಕಾ ಅರಸ ಅಟಹುವಾಲ್ಪನನ್ನು ಕೊಲ್ಲಿಸಿದ. ಕತ್ತಿಗಿಂತ ಹೆಚ್ಚು ಜನರನ್ನು ನುಂಗಿದ್ದು ಯುರೋಪಿನಿಂದ ಬಂದ ಸಿಡುಬು ಮೊದಲಾದ ರೋಗಗಳು. 1562ರಲ್ಲಿ ಡಿಯೇಗೋ ಡಿ ಲಾಂಡಾ ಎಂಬ ಪಾದ್ರಿ ಮಾಯಾ ಗ್ರಂಥಗಳನ್ನು ಸುಡಿಸಿದ. ಗ್ರಂಥಗಳು ಬೂದಿಯಾದವು, ಬೀಜಗಳು ಉಳಿದವು. 1510ರಲ್ಲಿ ಗೋವೆಯನ್ನು ಹಿಡಿದ ಪೋರ್ತುಗೀಜರ ಹಡಗುಗಳಲ್ಲಿ ಮೆಣಸಿನಕಾಯಿ ನಮ್ಮ ಕರಾವಳಿಗೆ ಬಂದು, ಮುಂದೆ ಘಟ್ಟ ಹತ್ತಿತು. ಬೀಜ ಬಂತು, ಅದನ್ನು ರೂಪಿಸಿದವರ ಹೆಸರು ಬರಲಿಲ್ಲ.

ಇಲ್ಲೊಂದು ಆಕ್ಷೇಪ ಏಳಬಹುದು. ಸೋಮನಾಥಪುರದ ಹೊಯ್ಸಳ ದೇವಾಲಯದ ಮೂರ್ತಿಗಳ ಕೈಯಲ್ಲಿರುವುದು ಗೋವಿನಜೋಳದ ತೆನೆ, ಆದ್ದರಿಂದ ಕೊಲಂಬಸನಿಗಿಂತ ಮೊದಲೇ ಅದು ನಮ್ಮಲ್ಲಿತ್ತು ಎಂದು ಅಮೆರಿಕದ ಜೊಹಾನೆಸನ್, ಪಾರ್ಕರ್ ಎಂಬ ವಿದ್ವಾಂಸರು 1989ರಲ್ಲಿ ವಾದಿಸಿದರು. ನಮ್ಮವರೇ ಆದ ಪಾಯಕ್, ಸಚನ್ ಎಂಬ ವಿಜ್ಞಾನಿಗಳು 1993ರಲ್ಲಿ ಅದನ್ನು ಅಲ್ಲಗಳೆದರು: ಅದು ತೆನೆಯಲ್ಲ, ಮುತ್ತು ಪೋಣಿಸಿದಂತೆ ಕೆತ್ತಿದ ಕಲ್ಪನೆಯ ಹಣ್ಣು, ಮುಕ್ತಾಫಲ. ಅಭಿಮಾನಕ್ಕೆ ಹಿತವಾದದ್ದೆಲ್ಲ ಇತಿಹಾಸವಾಗದು.

ಬೀಜ ಹೊರಗಿನದೆಂದ ಮಾತ್ರಕ್ಕೆ ನಮ್ಮ ರೈತನ ಹಿರಿಮೆಯೇನೂ ಕುಂದದು. ಒಳ್ಳೆಯ ಕಾಯಿಯನ್ನು ಆರಿಸಿ, ಬೀಜ ತೆಗೆದಿಟ್ಟು, ಖಾರಕ್ಕೆ ಸಂಕೇಶ್ವರಿ, ಬಣ್ಣಕ್ಕೆ ಬ್ಯಾಡಗಿ ಎಂದು ಈ ಮಣ್ಣಿಗೊಗ್ಗುವ ತಳಿಗಳನ್ನು ಉಳಿಸಿಕೊಂಡು ಬಂದವನು ಅವನೇ. ಮೆಕ್ಸಿಕೋದ ಆ ಪ್ರಾಚೀನ ಒಕ್ಕಲಿಗ ಮಾಡಿದ್ದೂ ಇದೇ ಕೆಲಸ. ಮಾಯಾ ಜನ, ಇಂಕಾಗಳ ಕೆಚುವಾ ನುಡಿಯಾಡುವ ಜನ ಇಂದಿಗೂ ಲಕ್ಷಗಟ್ಟಲೆ ಇದ್ದಾರೆ. ಅದೇ ಗೋವಿನಜೋಳ, ಅದೇ ಬಟಾಟೆ ಬೆಳೆಯುತ್ತಿದ್ದಾರೆ. ಅವರದು ಅಳಿದುಹೋದ ನಾಗರಿಕತೆ ಎನ್ನುವ ಮುನ್ನ ನಾವು ನಮ್ಮ ಗಂಗಾಳದತ್ತ ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.