ಸನ್ಮಾನದ ಶಾಲು, ಎಣ್ಣೆ ವಾಸನೆಯ ರುಮಾಲು

ವಿಡಿಯೋ ನೋಡೋಕೆ ಪುರುಸೊತ್ತಿಲ್ಲದೆ ಮೆಟ್ರೋದಲ್ಲಿ ನಿಂತು ಓದುವವರಿಗಾಗಿ ಈ ಬರಹ. ಮಾತಾಡುವಾಗ ಬಾಯಿಗೆ ಬಾರದೆ ಹೋದ ಒಂದೆರಡು ಸಂಗತಿಗಳನ್ನು ಇಲ್ಲಿ ಸೇರಿಸಿದ್ದೇನೆ.

ಹೋದ ವರ್ಷ ಕೊಂಡಾಪುರದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ರಾಜ್ಯೋತ್ಸವ ಮಾಡಿದ್ವಿ. ಶಾಲು, ಹಾರ, ಹಣ್ಣಿನ ಬುಟ್ಟಿ ತರೋ ಜವಾಬ್ದಾರಿ ನನ್ನದು. ಸಗಟು ಅಂಗಡಿಗೆ ಹೋಗಿ ಹತ್ತು ನಿಮಿಷದಲ್ಲಿ ಒಂದು ಡಜನ್ ಶಾಲು ಕಟ್ಟಿಸಿಕೊಂಡು ಬಂದೆ. ಜರಿ ಮಿರಿಮಿರಿ ಮಿಂಚೋದು, ಪ್ಲಾಸ್ಟಿಕ್ ಕವರಿನಲ್ಲಿರೋದು, ನೀವೂ ನೋಡಿರ್ತೀರಿ. ಮುಖ್ಯ ಅತಿಥಿ ರಾಯಚೂರು ಕಡೆಯ ನಿವೃತ್ತ ಮೇಷ್ಟ್ರು. ಹೊದಿಸಿದ್ವಿ, ಫೋಟೋ ಆಯ್ತು. ಊಟದ ಹೊತ್ತಿಗೆ ಅವರು ಶಾಲನ್ನು ಮಡಚಿ ನನ್ನ ಕೈಗೇ ಕೊಟ್ಟರು. "ತಪ್ಪು ತಿಳ್ಕೋಬ್ಯಾಡ ತಮ್ಮಾ. ಮನ್ಯಾಗ ಇಂಥಾವು ನಲವತ್ತು ಅದಾವ. ಒಂದೂ ಹೊತ್ಕೊಳ್ಳಾಕ ಬರಂಗಿಲ್ಲ, ಮೈ ಒರಸ್ಕೊಳ್ಳಾಕೂ ಬರಂಗಿಲ್ಲ. ಮುಂದಿನ ವರ್ಷ ಇನ್ನೊಬ್ರಿಗೆ ಹೊದಿಸ್ರಿ."

ನಗ್ತಾನೇ ಹೇಳಿದರು. ಆದರೂ ಆ ಮಾತು ನನ್ನನ್ನು ಬಿಡಲಿಲ್ಲ. ಒರೆಸಿಕೊಳ್ಳೋಕೆ ಬಾರದ ಬಟ್ಟೆಯನ್ನು ಗೌರವ ಅಂತ ಹೊದಿಸೋದು ಯಾವಾಗ ಶುರುವಾಯ್ತು? ಅದನ್ನು ಹುಡುಕಿಕೊಂಡು ಹೋದಾಗ, ನಾವು ದಿನಾ ಕ್ಯಾಬಿನಲ್ಲಿ ಓಡಾಡುವ ಊರಲ್ಲೇ, ಮತ್ತೆ ಅಲ್ಲಿಂದ ಒಂದೂವರೆ ಎರಡು ಗಂಟೆ ದೂರದಲ್ಲಿ, ಹೆಗಲ ಮೇಲಿನ ಬಟ್ಟೆಯ ದೊಡ್ಡ ಚರಿತ್ರೆ ಸಿಕ್ಕಿತು.

ಮೊದಲು ರುಮಾಲು ಅನ್ನೋ ಪದ. ಪಾರಸಿಯಲ್ಲಿ 'ರೂ' ಅಂದ್ರೆ ಮುಖ, 'ಮಾಲ್' ಅಂದ್ರೆ ಒರೆಸುವುದು. ಹೈದರಾಬಾದಿನಲ್ಲಿ ರುಮಾಲ್ ಅಂದ್ರೆ ಕರವಸ್ತ್ರ. ನಮ್ಮ ಅಜ್ಜಂದಿರಿಗೆ ರುಮಾಲು ಅಂದ್ರೆ ತಲೆಗೆ ಸುತ್ತೋದು. ಈ ಎರಡರ ನಡುವೆ, ತಲೆಗೂ ಹೆಗಲಿಗೂ ಸೊಂಟಕ್ಕೂ ಸಲ್ಲುವ ಒಂದು ಚೌಕ ಬಟ್ಟೆ ಇದೆ. ಅದೇ ತೇಲಿಯಾ ರುಮಾಲ್. ತೇಲ್, ಅಂದ್ರೆ ಎಣ್ಣೆ. ಒಂದು ಗಜದ ಆಸುಪಾಸಿನ ಚೌಕ; ಕೆಂಪು, ಕಪ್ಪು, ಬಿಳಿ, ಮೂರೇ ಬಣ್ಣ. ಮೂಗಿನ ಹತ್ತಿರ ಹಿಡಿದರೆ ಎಣ್ಣೆ ವಾಸನೆ. ಒಗೆದ ಮೇಲೂ ಸುಲಭಕ್ಕೆ ಹೋಗಲ್ಲ.

ಎಣ್ಣೆ ಯಾಕೆ? ಹತ್ತಿ ನೂಲಿಗೆ ಕೆಂಪು ಬಣ್ಣ ಸುಲಭವಾಗಿ ಹತ್ತೋದಿಲ್ಲ, ಹತ್ತಿದರೂ ನಿಲ್ಲೋದಿಲ್ಲ. ಅದಕ್ಕೆ ಹರಳುಕಾಯಿ ಸಿಪ್ಪೆಯನ್ನು ಸುಟ್ಟು, ಬೂದಿಯನ್ನು ನೀರಿನಲ್ಲಿ ನೆನೆಸಿ ಸೋಸ್ತಾರೆ. ಆ ಕ್ಷಾರದ ನೀರಿಗೆ ಎಣ್ಣೆ ಬೆರೆಸಿದರೆ ತೆಳ್ಳನೆಯ ಸಾಬೂನಿನ ಹಾಗಾಗುತ್ತೆ. ಅದರಲ್ಲಿ ನೂಲನ್ನು ಅದ್ದೋದು, ಹಿಸುಕೋದು, ಒಣಗಿಸೋದು. ನಾಳೆ ಮತ್ತೆ ಅದೇ. ಹೀಗೆ ಎರಡು ವಾರಕ್ಕೂ ಮೇಲೆ. ಆಮೇಲೆ ಪಟಿಕ ಸೇರಿದಾಗ ಬಣ್ಣ ನೂಲನ್ನು ಕಚ್ಚಿ ಹಿಡಿಯುತ್ತೆ. ಕಪ್ಪಿಗೆ ತುಕ್ಕು ಕಬ್ಬಿಣವನ್ನು ಬೆಲ್ಲದ ನೀರಿನಲ್ಲಿ ಹುಳಿ ಬರಿಸ್ತಾರೆ. ಇಷ್ಟೆಲ್ಲ ಆಗೋದು ಒಂದು ಎಳೆ ಮಗ್ಗಕ್ಕೆ ಏರುವ ಮುಂಚೆ ಅನ್ನೋದು ನೆನಪಿರಲಿ.

ಕೋರಮಂಡಲ ತೀರದಲ್ಲಿ ಆ ಕೆಂಪು ಬರ್ತಿದ್ದದ್ದು ಒಂದು ಗಿಡದ ಬೇರಿನಿಂದ. 1868ರಲ್ಲಿ ಗ್ರೇಬ ಮತ್ತು ಲೀಬರ್ಮನ್ ಅನ್ನೋ ಇಬ್ಬರು ಜರ್ಮನ್ ರಸಾಯನಶಾಸ್ತ್ರಜ್ಞರು ಅಲಿಜರಿನ್ ಅನ್ನು ಪ್ರಯೋಗಾಲಯದಲ್ಲಿ ತಯಾರಿಸಿದರು. ಮುಂದೆ ಬೇರಿನ ಜಾಗಕ್ಕೆ ಪುಡಿ ಬಂತು. ಅಂದ್ರೆ ನಾವು 'ಪಾರಂಪರಿಕ' ಅಂತ ಕಣ್ಣು ಮುಚ್ಚಿ ಹೇಳುವ ತೇಲಿಯಾ ಕೆಂಪಿನೊಳಗೂ ಯುರೋಪಿನ ಕಾರ್ಖಾನೆ ಕೂತಿದೆ. ಇದನ್ನು ಕೇಳಿ ಬೇಜಾರಾಗೋರು ಇದ್ದಾರೆ. ನನಗೇನೂ ಆಗಲಿಲ್ಲ. ನೇಕಾರ ವಸ್ತುಸಂಗ್ರಹಾಲಯಕ್ಕೆ ನೇಯ್ತಿರಲಿಲ್ಲ, ಸಂತೆಗೆ ನೇಯ್ತಿದ್ದ.

ಆ ಸಂತೆ ಎಷ್ಟು ದೊಡ್ಡದು ಗೊತ್ತಾ? ಆಂಧ್ರ ಕರಾವಳಿಯ ಚೀರಾಲದಿಂದ ಈ ರುಮಾಲುಗಳು ಹಡಗು ಹತ್ತಿ ಏಡನ್, ಪಾರಸಿ ಕೊಲ್ಲಿ, ಪೂರ್ವ ಆಫ್ರಿಕಾ, ಬರ್ಮಾಕ್ಕೆ ಹೋಗ್ತಿದ್ದವು. ಏಷ್ಯಾ ರುಮಾಲ್ ಅನ್ನೋ ಹೆಸರೂ ಇತ್ತು. ಅರಬರು ತಲೆಗೆ ಸುತ್ತುತ್ತಿದ್ದರು. ಇಲ್ಲಿ ಬೆಸ್ತರೂ ದನಗಾಹಿಗಳೂ ಪಂಚೆ ಮಾಡಿಕೊಂಡರು, ಪೇಟ ಮಾಡಿಕೊಂಡರು. ನಿಜಾಮರ ಅರಮನೆಯ ಹೆಣ್ಣುಮಕ್ಕಳು ಅದನ್ನೇ ದುಪಟ್ಟಾ ಮಾಡಿ ಹೊದ್ದರು. ಬೆಸ್ತನ ಸೊಂಟದಲ್ಲೂ ಬೇಗಂ ಹೆಗಲಲ್ಲೂ ಇದ್ದ ಬಟ್ಟೆ ಇನ್ನೊಂದು ನನಗೆ ಥಟ್ಟನೆ ನೆನಪಾಗ್ತಿಲ್ಲ.

20ನೇ ಶತಮಾನದ ಮೊದಲ ದಶಕಗಳಲ್ಲಿ ಈ ಕಸುಬು ನಲ್ಗೊಂಡ ಕಡೆಗೆ, ಪೋಚಂಪಲ್ಲಿ, ಪುಟ್ಟಪಾಕ ಸುತ್ತಮುತ್ತ ಬಂತು. ವಿನ್ಯಾಸವೂ ಬದಲಾಯ್ತು. ಮೊದಲು ಚೌಕ, ವಜ್ರ, ಮೆಟ್ಟಿಲು, ಅಗಲ ಅಂಚು, ಅಷ್ಟೆ. ಕಟ್ಟಿ ಬಣ್ಣ ಹಾಕುವ ಕೆಲಸದಲ್ಲಿ ಅಂಥ ಆಕಾರವೇ ಸಲೀಸು. ಆಮೇಲೆ ಸಿಂಹ, ಆನೆ ಬಂದವು. ಗಡಿಯಾರ ಬಂತು, ವಿಮಾನ ಬಂತು! ವಿಮಾನವನ್ನು ಆಕಾಶದಲ್ಲಿ ಕಂಡವನು ಅದನ್ನು ಗಂಟು ಲೆಕ್ಕಕ್ಕೆ ಇಳಿಸಿ, ಹಾಸಿನಲ್ಲೂ ಹೊಕ್ಕಿನಲ್ಲೂ ಕಟ್ಟಿದ. ಇದು ಎರಡೂ ಕಡೆಯ ಇಕ್ಕತ್. ಉದ್ದ ಎಳೆಗೂ ಅಡ್ಡ ಎಳೆಗೂ ಮೊದಲೇ ಬಣ್ಣ ಬಿದ್ದಿರುತ್ತೆ. ನೇಯುವಾಗ ಕೆಂಪು ಕೆಂಪಿನ ಮೇಲೆ, ಬಿಳಿ ಬಿಳಿಯ ಮೇಲೆ ಬಂದು ಕೂರಬೇಕು. ಒಂದು ಎಳೆ ಜರುಗಿದರೂ ವಿಮಾನದ ರೆಕ್ಕೆ ಮುರೀತು. ನಮ್ಮ ಹಾಗೆ ರೋಲ್‌ಬ್ಯಾಕ್ ಇಲ್ಲ.

1937ರಲ್ಲಿ ಬರ್ಮಾ ಭಾರತದಿಂದ ಬೇರೆ ಆಯ್ತು. ಆಮೇಲೆ ಯುದ್ಧ. ಹೊರದೇಶದ ಬಾಗಿಲುಗಳು ಒಂದೊಂದಾಗಿ ಮುಚ್ಚಿದ ಮೇಲೆ ರುಮಾಲಿನ ಬೇಡಿಕೆ ಕುಸಿಯಿತು. ನೇಕಾರರು ರುಮಾಲಿನ ಚೌಕಗಳನ್ನೇ ಉದ್ದಕ್ಕೆ ಎಳೆದು ಸೀರೆ ಮಾಡಿದರು. ರೇಷ್ಮೆ ನೇಯ್ಗೆ ಕಲಿಯೋಕೆ ಪೋಚಂಪಲ್ಲಿಯ ಹುಡುಗರು ಬನಾರಸಿಗೆ ಹೋಗಿ ಬಂದರು. ನಾವು ಪೋಚಂಪಲ್ಲಿ ಸೀರೆ ಅಂತ ಮನೆಗೆ ಒಯ್ಯೋದು ಹೀಗೆ ಹುಟ್ಟಿದ್ದು. ಬಡ ರುಮಾಲಿನ ಶ್ರೀಮಂತ ಮಗಳು ಅನ್ನಿ. ಮಗಳು ಗೆದ್ದಳು, ತಾಯಿ ಮೂಲೆ ಸೇರಿದಳು.

ಈಗ ಊರೊಳಕ್ಕೆ ಬರೋಣ. ರಾಯದುರ್ಗದಲ್ಲಿ ಮೆಟ್ರೋ ಇಳಿದು ಆಫೀಸಿಗೆ ಓಡೋರು ಎಷ್ಟು ಜನ ಇದನ್ನು ಓದ್ತಿದ್ದೀರೋ! ಅಲ್ಲೇ ಸ್ವಲ್ಪ ದೂರದಲ್ಲಿ ಹುಸೇನ್ ಶಾ ವಲಿ ದರ್ಗಾ ಇದೆ. ಹುಸೇನ್ ಸಾಗರಕ್ಕೆ ಹೆಸರು ಕೊಟ್ಟ ಅದೇ 16ನೇ ಶತಮಾನದ ಹುಸೇನ್ ಶಾ ವಲಿ. ದರ್ಗಾದ ಆಸುಪಾಸಿನಲ್ಲೇ ಸುರೈಯಾ ಹಸನ್ ಬೋಸ್ ಅನ್ನೋ ಹೆಣ್ಣುಮಗಳು ಮಗ್ಗಗಳನ್ನು ಹೂಡಿಸಿ ಹಿಮ್ರೂ ನೇಯಿಸ್ತಿದ್ದರು. ಅವರ ಚಿಕ್ಕಪ್ಪ ಆಬಿದ್ ಹಸನ್ ಸಫ್ರಾನಿ, ನೇತಾಜಿಯ ಜೊತೆಗಿದ್ದವರು, 'ಜೈ ಹಿಂದ್' ಘೋಷಣೆ ಕೊಟ್ಟವರು ಅಂತ ಹೆಸರಾದವರು. ಗಂಡ ಅರವಿಂದೊ ಬೋಸ್, ನೇತಾಜಿಯ ಅಣ್ಣನ ಮಗ. ಸುರೈಯಾ ವಿಧವೆಯರಿಗೆ ನೇಯ್ಗೆ ಕಲಿಸಿ ಕೆಲಸ ಕೊಟ್ಟರು, ಪಕ್ಕದಲ್ಲೇ ಮಕ್ಕಳಿಗೆ ಶಾಲೆ ತೆಗೆದರು. 2021ರಲ್ಲಿ ತೀರಿಕೊಂಡರು. ಆ ಹೊತ್ತಿಗೆ ನಾನು ಈ ಊರಿಗೆ ಬಂದು ಆರು ವರ್ಷ ಆಗಿತ್ತು. ಅವರ ಹೆಸರನ್ನು ಮೊದಲ ಸಲ ಕೇಳಿದ್ದೇ ಆ ಸುದ್ದಿಯಲ್ಲಿ. ನಾಚಿಕೆ ಅನ್ನಿಸ್ತು.

ಹಿಮ್ರೂ ಅಂದ್ರೆ ಹತ್ತಿಯ ಹಾಸು, ರೇಷ್ಮೆಯ ಹೊಕ್ಕು. ಶಾಲು, ಶೇರ್ವಾನಿ ಎರಡಕ್ಕೂ ಬಳಸ್ತಿದ್ದರು. ತಿರುಗಿಸಿ ನೋಡಿದರೆ ಹಿಂಬದಿಯಲ್ಲಿ ರೇಷ್ಮೆ ಎಳೆಗಳು ಸಡಿಲವಾಗಿ ಹರಿದಾಡ್ತಿರುತ್ತವೆ, ಅವೇ ಬೆಚ್ಚಗಿಡೋದು. ಚಿನ್ನದ ಜರಿಯ ಕಿಂಖಾಬು ಎಲ್ಲರ ಕೈಗೆ ಎಟುಕುತ್ತಿರಲಿಲ್ಲ. ಅದರ ಹಾಗೆ ಕಾಣುವ ಅಗ್ಗದ ಬಟ್ಟೆಯಾಗಿ ಹಿಮ್ರೂ ಬೆಳೀತು. ಅಂದ್ರೆ ಹಿಮ್ರೂನೇ ಒಂದು ನಕಲು! ಹೂಬಳ್ಳಿಯ ನಕ್ಷೆಯನ್ನು ಮಗ್ಗದ ಮೇಲೆ ನೇತಾಡುವ ದಾರಗಳಲ್ಲಿ ಕಟ್ಟಿಡ್ತಿದ್ದರು, ಪಕ್ಕದಲ್ಲಿ ಕೂತವನು ಸರದಿ ಪ್ರಕಾರ ಎಳೀತಿದ್ದ. ಜಾಕಾರ್ಡ್, ತೂತು ಕಾರ್ಡು, ಬ್ಯಾಬೇಜ್ ಕಥೆ ನಿಮಗೆಲ್ಲ ಬಾಯಿಪಾಠ, ಬಿಡ್ತೀನಿ. 1948ರ ಸೆಪ್ಟೆಂಬರ್ ಆದಮೇಲೆ ನವಾಬರ ಖರೀದಿ ನಿಂತಿತು, ಮಗ್ಗಗಳ ಸದ್ದೂ ಕಮ್ಮಿಯಾಯ್ತು. ಕಲಬುರಗಿ, ಬೀದರ್, ರಾಯಚೂರುಗಳೂ 1956ರ ನವೆಂಬರ್ 1ರ ತನಕ ಇದೇ ಹೈದರಾಬಾದ್ ರಾಜ್ಯ ತಾನೆ. ನಮ್ಮ ಮೇಷ್ಟ್ರು ಹುಟ್ಟಿದ್ದೂ ಆ ರಾಜ್ಯದ ಪ್ರಜೆಯಾಗಿ.

ನಕಲು ಅಂದಾಗ ಇನ್ನೊಂದು ಮಾತು. ಶಾಲಿನ ಚರಿತ್ರೆಯಲ್ಲಿ ನಕಲು ಹೊಸದಲ್ಲ. ಕಾಶ್ಮೀರಿ ಶಾಲನ್ನು ನಕಲು ಮಾಡಿ ಸ್ಕಾಟ್ಲೆಂಡಿನ ಪೇಸ್ಲಿ ಅನ್ನೋ ಊರು 19ನೇ ಶತಮಾನದಲ್ಲಿ ಎಷ್ಟು ನೇಯ್ದಿತು ಅಂದ್ರೆ, ನಮ್ಮ ಮಾವಿನಕಾಯಿ ಬುಟ್ಟಾಕ್ಕೆ ಇವತ್ತು ಜಗತ್ತೆಲ್ಲ ಆ ಊರಿನದೇ ಹೆಸರು. ಹಾಗಾಗಿ ನಕಲು ಮಾಡೋರ ಮೇಲೆ ಬರೀ ಕೋಪ ಮಾಡ್ಕೊಂಡು ಪ್ರಯೋಜನ ಇಲ್ಲ. ಹಿಮ್ರೂ ಕಿಂಖಾಬಿನ ಹಾಗೆ ಕಂಡರೂ ಹಿಮ್ರೂ ಅನ್ನೋ ಹೆಸರಲ್ಲೇ ಮಾರಾಟ ಆಯ್ತು. ನನ್ನ ತಕರಾರು ಹೆಸರು ಕದಿಯೋದರ ಬಗ್ಗೆ.

ಅದಕ್ಕೆ ನನ್ನದೇ ಪುರಾವೆ ಇದೆ. ಎರಡು ವರ್ಷದ ಹಿಂದೆ ಒಂದು ಪ್ರದರ್ಶನದಲ್ಲಿ ಅಮ್ಮನಿಗೆ ಅಂತ ಕೈಮಗ್ಗದ ಇಕ್ಕತ್ ದುಪಟ್ಟಾ ತಗೊಂಡಿದ್ದೆ, 1,800 ರೂಪಾಯಿ. ಈ ಸಲ ಪುಟ್ಟಪಾಕಕ್ಕೆ ಹೋಗುವಾಗ ತೋರಿಸೋಣ ಅಂತ ಅದನ್ನೂ ಒಯ್ದೆ. ವಿಜಯವಾಡ ಹೆದ್ದಾರಿಯಲ್ಲಿ ಚೌಟುಪ್ಪಲ್ ಕಡೆ ಹೋಗಿ ಒಳಕ್ಕೆ ತಿರುಗಬೇಕು. ಅಲ್ಲಿ ಒಬ್ಬ ಹಿರಿಯ ನೇಕಾರರು ಅದನ್ನು ಕೈಗೆ ತಗೊಂಡು ತಿರುವಿದರು, ಅಷ್ಟೆ. ಹಿಂಬದಿ ಮಾಸಲು. ಅಚ್ಚು. "ಸಾರ್, ಇದನ್ನ ಮಷೀನು ಒಂದು ದಿನದಲ್ಲಿ ನೂರಾರು ಮೀಟರ್ ಮಾಡುತ್ತೆ" ಅಂದರು ತೆಲುಗಿನಲ್ಲಿ. ಬೈಯಲಿಲ್ಲ, ನಗಲೂ ಇಲ್ಲ. ಚಹಾ ತರಿಸಿದರು.

ಅವರು ಕಲಿಸಿದ್ದು ನಿಮಗೂ ಹೇಳ್ತೀನಿ. ನಿಜವಾದ ಇಕ್ಕತ್ತಿನಲ್ಲಿ ಎರಡೂ ಬದಿ ಬಣ್ಣ ಒಂದೇ ಗಾಢ ಇರುತ್ತೆ. ಆಕಾರದ ಅಂಚು ಚಾಕುವಿನಿಂದ ಕೊಯ್ದ ಹಾಗಿರಲ್ಲ, ಗರಿ ಗರಿಯಾಗಿ ಕದಡಿರುತ್ತೆ. ಆ ಕದಡು ಒಂದೇ ದಿಕ್ಕಿಗಿದ್ದರೆ ಒಂದೇ ಎಳೆ ಕಟ್ಟಿದ್ದು. ಉದ್ದಕ್ಕೂ ಅಡ್ಡಕ್ಕೂ ಇದ್ದರೆ ಎರಡೂ ಕಟ್ಟಿದ್ದು, ಬೆಲೆ ಅದಕ್ಕೆ. ಅಂಚಿನ ಒಂದು ಎಳೆ ಹಿರಿದು ನೋಡಿ: ಆ ಎಳೆಯಲ್ಲೇ ಕೆಂಪು, ಬಿಳಿ ತುಂಡು ತುಂಡಾಗಿ ಪೂರ್ತಿ ಅದ್ದಿಕೊಂಡಿರಬೇಕು.

ಆ ಮನೆಯ ಜಗಲಿಯಲ್ಲಿ ಒಬ್ಬ ಹೆಂಗಸು ಸೈಕಲ್ ಟ್ಯೂಬಿನಿಂದ ಕೊಯ್ದ ರಬ್ಬರ್ ಪಟ್ಟಿ ಸುತ್ತಿ ನೂಲು ಕಟ್ಟುತ್ತಿದ್ದರು. ಪಕ್ಕದಲ್ಲಿ ಆಸು ಯಂತ್ರ. ಹೊಕ್ಕಿನ ನೂಲನ್ನು ಅರ್ಧಚಂದ್ರದ ಚೌಕಟ್ಟಿನ ಗೂಟಗಳಿಗೆ ಹಾಕುತ್ತಾ ತೆಗೆಯುತ್ತಾ ಹೋಗೋದಕ್ಕೆ ಆಸು ಅಂತಾರೆ. ಒಂದು ಸೀರೆಗೆ ಕೈ ಸುಮಾರು 9,000 ಸಲ ಅತ್ತಿಂದಿತ್ತ ಹೋಗಬೇಕು. ಹೆಚ್ಚಾಗಿ ಹೆಂಗಸರ ಕೆಲಸ, ಸೀರೆಗೆ ನಾಲ್ಕೈದು ಗಂಟೆ. ಭುಜ ಸವೆದೇ ಹೋಗುತ್ತೆ. ಆಲೇರು ಹತ್ತಿರದ ಚಿಂತಕಿಂಡಿ ಮಲ್ಲೇಶಂ ಶಾಲೆ ಬಿಟ್ಟ ಹುಡುಗ. ಅಮ್ಮನ ತೋಳು ನೋವು ನೋಡಲಾರದೆ ವರ್ಷಗಟ್ಟಲೆ ಒದ್ದಾಡಿ 1999ರಲ್ಲಿ ಈ ಯಂತ್ರ ಮಾಡಿದರು, ಅಮ್ಮನ ಹೆಸರಲ್ಲೇ ಲಕ್ಷ್ಮಿ ಆಸು ಅಂತ ಕರೆದರು. ಈಗ ಆ ಕೆಲಸ ಒಂದೂವರೆ ಗಂಟೆ. 2017ರಲ್ಲಿ ಪದ್ಮಶ್ರೀ ಬಂತು. ಯಂತ್ರ ಬಂದ ಕೂಡಲೇ ಕಸುಬು ಹಾಳಾಯ್ತು ಅನ್ನೋರಿಗೆ ನಾನು ಇದನ್ನು ತೋರಿಸ್ತೀನಿ. ಇಲ್ಲಿ ಯಂತ್ರ ಭುಜವನ್ನಷ್ಟೇ ಉಳಿಸಿತು, ನಕ್ಷೆಯನ್ನು ಕೈಗೇ ಬಿಟ್ಟಿತು.

ಸರ್ಕಾರ ಏನು ಮಾಡಿತು? ನಮ್ಮ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ ಮುನ್ನಡೆಸಿದ ಅಖಿಲ ಭಾರತ ಕರಕುಶಲ ಮಂಡಳಿ 1952ರದ್ದು. 1985ರಲ್ಲಿ ಕೆಲವು ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಡುವ ಕಾಯ್ದೆ ಬಂತು. ಮೊದಲು 22 ಬಗೆ, ಆಮೇಲೆ ಅದು 11ಕ್ಕೆ ಇಳಿಯಿತು. ತಮಾಷೆ ಏನು ಗೊತ್ತಾ, ಶಾಲೂ ಅಂಗವಸ್ತ್ರವೂ ಆ ಹನ್ನೊಂದರಲ್ಲೇ ಇವೆ! ಆದರೆ ಮೀಸಲಾತಿಗೆ ನೂಲಿನದು, ನಮೂನೆಯದು ಅಂತ ಷರತ್ತುಗಳಿವೆ. ಪಾಲಿಯೆಸ್ಟರ್ ಅಂಗಡಿಯಲ್ಲಿ ರಾಶಿ ಬಿದ್ದಿರೋದನ್ನು ನಾವೇ ನೋಡ್ತೀವಿ. 2020ರಲ್ಲಿ ಪುಟ್ಟಪಾಕದ ತೇಲಿಯಾ ರುಮಾಲಿಗೆ ಭೌಗೋಳಿಕ ಗುರುತು ಸಿಕ್ಕಿತು. ಅದೇ ವರ್ಷ ಕಮಲಾದೇವಿಯವರ ಆ ಮಂಡಳಿಯನ್ನು ರದ್ದು ಮಾಡಿದರು.

ಗುರುತು ಸಿಕ್ಕಿದ್ದರಿಂದ ಹೆಸರು ಉಳಿಯಬಹುದು. ಆದರೆ ಎಣ್ಣೆಯ ಆ ಎರಡು ವಾರದ ಕೆಲಸಕ್ಕೆ ಕೂರುವ ಹುಡುಗರು ಬೇಕಲ್ಲ. ಪುಟ್ಟಪಾಕದ ಗಜಂ ಗೋವರ್ಧನ 2011ರಲ್ಲಿ ಪದ್ಮಶ್ರೀ ಪಡೆದವರು, ಅಂಥವರ ಹೆಸರು ಆ ಬೀದಿಗಳಲ್ಲಿ ದೊಡ್ಡದು. ನಾನು ಹೋದ ಮನೆಯ ಮಗ ಮಾತ್ರ ಗಚ್ಚಿಬೌಲಿಯಲ್ಲಿ ಟೆಸ್ಟಿಂಗ್ ಕೆಲಸದಲ್ಲಿದ್ದಾನೆ. ನಮ್ಮ ಪಕ್ಕದ ಬಿಲ್ಡಿಂಗು. "ಅವನಿಗೆ ಕಟ್ಟೋಕೆ ಬರುತ್ತೆ, ಸಾರ್. ಹಬ್ಬಕ್ಕೆ ಬಂದಾಗ ಕೂರ್ತಾನೆ" ಅಂದರು ಅಪ್ಪ. ಅದರಲ್ಲಿ ಹೆಮ್ಮೆ ಇತ್ತೋ ಬೇಸರ ಇತ್ತೋ ನನಗೆ ತಿಳೀಲಿಲ್ಲ.

ಈ ವರ್ಷದ ರಾಜ್ಯೋತ್ಸವಕ್ಕೆ ನಾಲ್ಕು ರುಮಾಲು ಬೇಕು ಅಂದೆ. ಅವರು ಲೆಕ್ಕ ಹಾಕಿದರು: ಒಂದು ಹಾಸಿನಲ್ಲಿ ಸಾಲಾಗಿ ಹಲವು ಚೌಕ ನೇಯ್ದು ಆಮೇಲೆ ಕತ್ತರಿಸೋದು, ನಾಲ್ಕಕ್ಕೆ ಅಂತ ಹಾಸು ಹೂಡೋಕಾಗಲ್ಲ, ಎಂಟಾದರೂ ಹೇಳಿ. ಎಣ್ಣೆ, ಬಿಸಿಲು, ಮಳೆಗಾಲ ಎಲ್ಲ ಸೇರಿ ಮೂರು ತಿಂಗಳು ಕೊಡಿ. ಹಾಗಾದ್ರೆ ಹನ್ನೆರಡು ಶಾಲಿನ ಬದಲು ಎಂಟು ರುಮಾಲು, ಸನ್ಮಾನ ಎಂಟೇ ಜನಕ್ಕೆ ಅಂತ ಕಮಿಟಿಯ ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದೆ. ಖಜಾಂಚಿ ಕೇಳಿದ ಮೊದಲ ಪ್ರಶ್ನೆ, "ಬಿಲ್ ಕೊಡ್ತಾರಾ?" ಎರಡನೇದು, "ವಾಸನೆ ಬರುತ್ತೆ ಅಂತೀಯ, ಅತಿಥಿಗಳು ಏನಂದ್ಕೋತಾರೆ?"

ಮೇಷ್ಟ್ರಿಗೆ ಫೋನ್ ಮಾಡಿ ಕೇಳಿದೆ. "ವಾಸ್ನಿ ಬರ್ಲಿ ಬಿಡಪ್ಪಾ. ನಮ್ಮಪ್ಪನ ರುಮಾಲಿಗೂ ಬರ್ತಿತ್ತು" ಅಂದರು. ಮುಂಗಡ ಕಳಿಸಿದ್ದೀನಿ.